ಎರಡೂ ಕೈ ಮೇಲೆತ್ತಿ ನೋಡಿ

ನೆಟ್‌ಬಾಲ್ ಡ್ರೆಸ್ ಹಾಕಿಕೊಂಡು ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಅದರ ಬಗ್ಗೆ ಏನೂ ತಿಳಿಯುವುದಿಲ್ಲ. ಎರಡೂ ಕೈ ತಲೆಯ ಮೇಲೆತ್ತಬೇಕು. ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಬೇಕು. ಹಾಗೇ ಮುಂದಕ್ಕೆ ಬಾಗಬೇಕು. ಅಂಚು ಎಷ್ಟು ಮೇಲೇರಿತು, ಕಂಕುಳಲ್ಲಿ ಎಲ್ಲಿ ಜಗ್ಗಿತು, ಕೈ ಇಳಿಸಿದ ಮೇಲೆ ಬಟ್ಟೆ ತಾನಾಗಿಯೇ ತನ್ನ ಜಾಗಕ್ಕೆ ಬಂತೋ ಇಲ್ಲ ಕೈಯಿಂದ ಎಳೆದುಕೊಳ್ಳಬೇಕಾಯಿತೋ, ಇವೆಲ್ಲ ಆಗ ಗೊತ್ತಾಗುತ್ತದೆ. ಬಟ್ಟೆ ಎಳೆದುಕೊಳ್ಳಲು ಒಂದು ಕೈ ಕೆಳಗೆ ಹೋದರೆ ಚೆಂಡಿಗೆ ಉಳಿಯುವುದು ಒಂದೇ ಕೈ. ನೆಟ್‌ಬಾಲಿನಲ್ಲಿ ಒಂದು ಕೈ ಸಾಲದು.

ನೆಟ್‌ಬಾಲ್ ಎಂದರೆ ಬ್ಯಾಸ್ಕೆಟ್‌ಬಾಲಿನಿಂದ ಹುಟ್ಟಿದ, ಏಳೇಳು ಜನ ಚೆಂಡು ದಾಟಿಸುತ್ತಾ ರಿಂಗಿಗೆ ಹಾಕುವ ಆಟ. ಅದರ ನಿಯಮಗಳೇ ಹಾಗಿವೆ. ಚೆಂಡನ್ನು ನೆಲಕ್ಕೆ ಬಡಿಯುತ್ತಾ ಓಡುವಂತಿಲ್ಲ. ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ ಅದನ್ನು ದಾಟಿಸಬೇಕು. ನೆಲಕ್ಕೆ ಊರಿದ ಮೊದಲ ಕಾಲನ್ನು ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು. ತಡೆಯುವವಳು 0.9 ಮೀಟರ್ ದೂರದಲ್ಲಿ ಎರಡೂ ಕೈ ಎತ್ತಿ, ಕಾಲ್ಬೆರಳ ಮೇಲೆ ನಿಂತು ಮುಂದಕ್ಕೆ ಚಾಚಿರುತ್ತಾಳೆ. ಗೋಲು ಹಾಕುವವಳು 3.05 ಮೀಟರ್ ಎತ್ತರದ ರಿಂಗಿನತ್ತ ಕೈ ಎತ್ತುತ್ತಾಳೆ. ಹೀಗೆ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ಓಟ, ತಟ್ಟನೆ ನಿಲ್ಲುವುದು, ನೆಗೆತ, ಮೇಲೆದ್ದ ಕೈ. ಅಷ್ಟು ಹೊತ್ತೂ ಉಡುಪು ಈ ಭಂಗಿಗೆ ಹೊಂದಿಕೊಳ್ಳಬೇಕು. ನೂರಿಪ್ಪತ್ತು ವರ್ಷಕ್ಕೂ ಮೀರಿದ ನೆಟ್‌ಬಾಲ್ ಉಡುಪಿನ ಚರಿತ್ರೆಯಲ್ಲಿ ಈ ಭಂಗಿಯನ್ನು ಗಮನದಲ್ಲಿಟ್ಟು ಬಟ್ಟೆ ಕತ್ತರಿಸಿದ್ದು ತೀರಾ ಈಚೆಗೆ. ಅದಕ್ಕೂ ಮುಂಚೆ ಬಹುಕಾಲ ಬಟ್ಟೆ ಹೇಳಿದಂತೆ ಆಟ ಕೇಳಬೇಕಿತ್ತು.

ಅದು ಎಷ್ಟು ಅಕ್ಷರಶಃ ನಿಜ ಎಂದರೆ, ಕೋರ್ಟಿನ ಗೆರೆಗಳಲ್ಲೇ ಅದರ ಗುರುತಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಶುರುಮಾಡಿದರು. ಮರುವರ್ಷವೇ ಸ್ಮಿತ್ ಎಂಬ ಹೆಣ್ಣುಮಕ್ಕಳ ಕಾಲೇಜಿನ ದೈಹಿಕ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹೆಣ್ಣುಮಕ್ಕಳಿಗೆ ಒಗ್ಗಿಸಲು ಹೊರಟರು. ಅಂಕಣವನ್ನು ಮೂರು ಭಾಗ ಮಾಡಿದರು, ಯಾರೂ ತಮ್ಮ ಭಾಗ ದಾಟಿ ಓಡುವಂತಿಲ್ಲ ಎಂದರು, ಚೆಂಡು ಕಿತ್ತುಕೊಳ್ಳುವುದನ್ನು ನಿಲ್ಲಿಸಿದರು. ಹೆಣ್ಣಿನ ದೇಹ ಹೆಚ್ಚು ದಣಿಯಬಾರದು ಎಂಬ ಆ ಕಾಲದ ನಂಬಿಕೆ ಒಂದು ಕಡೆ. ಕಾಲಿಗೆ ಸುತ್ತಿಕೊಳ್ಳುವ ಉದ್ದ ಲಂಗ, ಸೊಂಟವನ್ನು ಹಿಡಿದಿಟ್ಟ ಕಾರ್ಸೆಟ್ ಇನ್ನೊಂದು ಕಡೆ. ಹೆಂಗಸರ ಆಟವೆಂದರೆ ಇಷ್ಟೇ ಎಂದು ಗೆರೆ ಎಳೆಯಲು ಎರಡೂ ಒದಗಿಬಂದವು. ಇವತ್ತಿನ 30.5 ಮೀಟರ್ ಉದ್ದದ ನೆಟ್‌ಬಾಲ್ ಕೋರ್ಟಿನಲ್ಲಿರುವ ಮೂರು ಭಾಗಗಳ ಬೇರು ಅಲ್ಲಿದೆ.

ಇಲ್ಲೊಂದು ಮಾತು. ಎರಡು ಕಾಲಿಗೆ ಬೇರೆಬೇರೆ ಬಟ್ಟೆ ಇರುವ ಉಡುಪನ್ನು ಹೆಂಗಸರು ಹಾಕಬಹುದೇ ಎಂದು ಪಶ್ಚಿಮದಲ್ಲಿ 1850ರ ದಶಕದಿಂದ ಜಗಳವಾಡುತ್ತಿದ್ದರು. ಅದೇ ಹೊತ್ತಿನಲ್ಲಿ ಉತ್ತರ ಕರ್ನಾಟಕದ ಹೆಂಗಸರು ಕಚ್ಚೆ ಸೀರೆ ಉಟ್ಟು ಹೊಲದಲ್ಲಿ ಗೇಯುತ್ತಿದ್ದರು. ಕೆಲಸಕ್ಕೆ ಸಿದ್ಧರಾಗುವುದಕ್ಕೆ ನಮ್ಮ ಭಾಷೆಯಲ್ಲಿರುವ ಮಾತುಗಳೇ ಉಡುಪಿನ ಮಾತುಗಳು: ಟೊಂಕ ಕಟ್ಟುವುದು, ಸೆರಗು ಸಿಕ್ಕಿಸುವುದು, ಕಚ್ಚೆ ಬಿಗಿಯುವುದು. ದೇಹ ದುಡಿಯುವಾಗ ಬಟ್ಟೆ ದಾರಿ ಬಿಡಬೇಕು ಎಂಬ ತಿಳಿವಳಿಕೆ ಈ ನುಡಿಗಟ್ಟುಗಳಲ್ಲೇ ಇದೆ. ಆದರೂ ಆಟಕ್ಕೆ ಬಂದಾಗ ನಾವು ಆ ಬಟ್ಟೆಯನ್ನು ತರಲಿಲ್ಲ, ಲಂಡನ್ನಿನ ಬಟ್ಟೆಯನ್ನು ತಂದೆವು.

ಆ ಬಟ್ಟೆ ಯಾವುದೆಂದು ನೋಡಲು ದೂರ ಹೋಗಬೇಕಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಬೆಂಗಳೂರಿನ ಯಾವುದೇ ಬಸ್‌ಸ್ಟಾಪಿನಲ್ಲಿ ನಿಂತರೆ ಸಾಕು. ಬಿಳಿ ಶರ್ಟಿನ ಮೇಲೆ ತೋಳಿಲ್ಲದ ನೀಲಿ ಪಿನಾಫೋರ್, ಎದೆಯಿಂದ ಇಳಿಬಿದ್ದ ಅಗಲವಾದ ಬಾಕ್ಸ್ ನೆರಿಗೆ, ಸೊಂಟಕ್ಕೊಂದು ಬೆಲ್ಟು. ಇದು ಹುಟ್ಟಿದ್ದು ತರಗತಿಗಾಗಿ ಅಲ್ಲ, ಆಟಕ್ಕಾಗಿ. ಸ್ವೀಡನ್ನಿನಿಂದ ಬಂದ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ 1885ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. 1895ರಲ್ಲಿ ಅದು ಡಾರ್ಟ್‌ಫರ್ಡಿಗೆ ಹೋಯಿತು. ಜಿಮ್‌ಸ್ಲಿಪ್ ಎಂಬ ಈ ಉಡುಪನ್ನು ರೂಪಿಸಿದ ಹೆಸರು ಆ ಕಾಲೇಜಿನ ವಿದ್ಯಾರ್ಥಿನಿ ಮೇರಿ ಟೇಟ್‌ಗೆ ಸಲ್ಲುತ್ತದೆ. ಬ್ಯಾಸ್ಕೆಟ್‌ಬಾಲ್ ಇಂಗ್ಲೆಂಡಿಗೆ ಬಂದು ನೆಟ್‌ಬಾಲ್ ಆಗಿ ಬದಲಾದದ್ದೂ ಇದೇ ಕಾಲೇಜಿನ ಅಂಗಳದಲ್ಲಿ. 1901ರಲ್ಲಿ ದೈಹಿಕ ಶಿಕ್ಷಕಿಯರ ಸಂಘವಾದ ಲಿಂಗ್ ಅಸೋಸಿಯೇಷನ್ ಮೊದಲ ನಿಯಮಪುಸ್ತಕ ಅಚ್ಚು ಹಾಕಿಸಿತು. ಆಟವೂ ಅದರ ಉಡುಪೂ ಒಂದೇ ಮನೆಯಲ್ಲಿ ಹುಟ್ಟಿದವು ಎನ್ನಬಹುದು.

ಜಿಮ್‌ಸ್ಲಿಪ್ ತನ್ನ ಕಾಲಕ್ಕೆ ದೊಡ್ಡ ಬಿಡುಗಡೆ. ಕಾರ್ಸೆಟ್ ಹೋಯಿತು, ಲಂಗದ ಅಂಚು ಪಾದದಿಂದ ಮಂಡಿಗೆ ಏರಿತು, ಭಾರ ಸೊಂಟದಿಂದ ಭುಜಕ್ಕೆ ಬಂತು. ಈ ಮೂರನೆಯದು ಯಾರೂ ಹೇಳದ, ಆದರೆ ನಿಜಕ್ಕೂ ಜಾಣತನದ ಬದಲಾವಣೆ. ಸೊಂಟಕ್ಕೆ ಬಿಗಿದ ಬಟ್ಟೆ ಉಸಿರಾಟವನ್ನು ತಡೆಯುತ್ತದೆ, ಭುಜದಿಂದ ಇಳಿಬಿದ್ದ ಬಟ್ಟೆ ತಡೆಯುವುದಿಲ್ಲ.

ಆದರೆ ಭಾರ ಎಷ್ಟಿತ್ತು? ಲೆಕ್ಕ ಹಾಕಿ ನೋಡಬಹುದು. ಬಾಕ್ಸ್ ನೆರಿಗೆಗಳನ್ನು ಒಂದಕ್ಕೊಂದು ತಾಗುವಂತೆ ಹಾಕಿದರೆ ಅಗಲದ ಮೂರರಷ್ಟು ಬಟ್ಟೆ ಬೇಕು. 36 ಇಂಚು ಸುತ್ತಳತೆಗೆ 108 ಇಂಚು, ಅಂದರೆ ಸುಮಾರು 2.75 ಮೀಟರ್. ಉದ್ದ ಅರ್ಧ ಮೀಟರ್ ಎಂದಿಟ್ಟುಕೊಂಡರೂ ಕೆಳಭಾಗಕ್ಕೇ 1.4 ಚದರ ಮೀಟರ್ ಆಯಿತು. ಚದರ ಮೀಟರಿಗೆ 300 ಗ್ರಾಂ ತೂಗುವ ಉಣ್ಣೆಯ ಸರ್ಜ್ ಬಟ್ಟೆಯಾದರೆ ಬರೀ ನೆರಿಗೆ ಭಾಗ 400 ಗ್ರಾಂ ದಾಟುತ್ತದೆ. ಅದರೊಳಗೆ ಕಾಲರಿನ ಬ್ಲೌಸು, ಒಳಗೆ ದಪ್ಪ ನಿಕ್ಕರ್, ಕಾಲಿಗೆ ಕಪ್ಪು ಉಣ್ಣೆಯ ಕಾಲುಚೀಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರಿನ ಪಸೆಯನ್ನು ಹೀರಿಕೊಳ್ಳಬಲ್ಲದು. ಮಳೆಯಲ್ಲಿ, ಬೆವರಿನಲ್ಲಿ ಅದು ಇನ್ನೂ ಭಾರವಾಗುತ್ತಿತ್ತು. ಇವತ್ತಿನ ಪಾಲಿಯೆಸ್ಟರ್ ಡ್ರೆಸ್ ಪೂರ್ತಿ ಸೇರಿದರೂ ಆ ನೆರಿಗೆ ಭಾಗಕ್ಕಿಂತ ಹಗುರ.

ನೆರಿಗೆಗೆ ಒಂದು ಕೆಲಸವಿತ್ತು ಎಂಬುದನ್ನು ಮರೆಯಬಾರದು. ಆಗಿನ ಬಟ್ಟೆ ಹಿಗ್ಗುವುದಿಲ್ಲ. ಕಾಲು ಚಾಚಲು ಜಾಗ ಬೇಕೆಂದರೆ ಬಟ್ಟೆಯನ್ನು ಮಡಿಸಿ ಒಳಗೆ ಇಟ್ಟುಕೊಂಡಿರಬೇಕು. ಕಾಲು ಹರಡಿದಾಗ ನೆರಿಗೆ ಬಿಚ್ಚುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಸೀರೆಯ ನೆರಿಗೆ ಮಾಡುವುದೂ ಇದನ್ನೇ. ಹಿಗ್ಗುವ ಬಟ್ಟೆ ಬಂದ ದಿನ ನೆರಿಗೆಯ ಕೆಲಸ ಮುಗಿಯಿತು. ಆದರೂ ನೆಟ್‌ಬಾಲ್ ಸ್ಕರ್ಟಿನಲ್ಲಿ ನೆರಿಗೆ ಇನ್ನೂ ದಶಕಗಳ ಕಾಲ ಉಳಿದುಕೊಂಡಿತು, ಬರೀ ರೂಢಿಯಾಗಿ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಬ್ರಿಟಿಷರ ಶಾಲೆಗಳು, ಮಿಷನ್ನುಗಳು ಹೋದಲ್ಲೆಲ್ಲ ಆಟ ಹೋಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 1970ರವರೆಗೆ ಅದನ್ನು ಹೆಂಗಸರ ಬ್ಯಾಸ್ಕೆಟ್‌ಬಾಲ್ ಎಂದೇ ಕರೆಯುತ್ತಿದ್ದರು. ಒಂದೊಂದು ದೇಶದಲ್ಲಿ ಒಂದೊಂದು ನಿಯಮ, ಕೆಲವೆಡೆ ಏಳು ಜನ, ಕೆಲವೆಡೆ ಒಂಬತ್ತು. 1960ರಲ್ಲಿ ನಮ್ಮ ಪಕ್ಕದ ಸಿಲೋನಿನಲ್ಲಿ ಎಲ್ಲರೂ ಕೂತು ಅಂತಾರಾಷ್ಟ್ರೀಯ ಒಕ್ಕೂಟ ಕಟ್ಟಿದರು, ನಿಯಮಗಳನ್ನು ಒಂದು ಮಾಡಿದರು. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆದು ಆಸ್ಟ್ರೇಲಿಯಾ ಗೆದ್ದಿತು. ಆ ಹೊತ್ತಿಗೆ ಜಿಮ್‌ಸ್ಲಿಪ್ ಮಂಡಿ ಬಿಟ್ಟು ಮೇಲೇರಿತ್ತು, ಶರ್ಟು ಬೇರೆ, ನೆರಿಗೆ ಸ್ಕರ್ಟು ಬೇರೆ ಎಂಬ ಪದ್ಧತಿ ಬರುತ್ತಿತ್ತು. ಉಣ್ಣೆಯ ಜಾಗಕ್ಕೆ ಪಾಲಿಯೆಸ್ಟರ್ ಬಂತು. ಪಾಲಿಯೆಸ್ಟರಿನ ಒಂದು ಗುಣ ಎಂದರೆ ಬಿಸಿಗೆ ಮಣಿಯುವುದು. ಸುಮಾರು 180 ಡಿಗ್ರಿಯಲ್ಲಿ ಒತ್ತಿದ ನೆರಿಗೆ ಒಗೆದರೂ ಹೋಗುವುದಿಲ್ಲ. ಪ್ರತಿ ವಾರ ಒದ್ದೆ ಬಟ್ಟೆ ಹಾಸಿ ನೆರಿಗೆ ಇಸ್ತ್ರಿ ಮಾಡುವ ಕಷ್ಟ ತಪ್ಪಿತು.

ಈಗ ಬಿಬ್, ಅಂದರೆ ಆಟಗಾರ್ತಿಯ ಸ್ಥಾನದ ಅಕ್ಷರ ಹೊತ್ತು ಎದೆಗೂ ಬೆನ್ನಿಗೂ ಇರುವ ಬಟ್ಟೆಯ ತುಂಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಬೇರೆ ಯಾವ ಆಟದಲ್ಲೂ ಎದೆಯ ಮೇಲಿನ ಅಕ್ಷರಕ್ಕೆ ಇಷ್ಟು ಅಧಿಕಾರ ಇಲ್ಲ. ಕ್ರಿಕೆಟ್ಟಿನಲ್ಲಿ ಬೆನ್ನ ಮೇಲಿನ ನಂಬರು ಯಾರೆಂದು ಹೇಳುತ್ತದೆ. ನೆಟ್‌ಬಾಲಿನಲ್ಲಿ ಬಿಬ್ಬಿನ ಅಕ್ಷರ ಆಕೆ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಹೇಳುತ್ತದೆ. ಜಿಎಸ್ (ಗೋಲ್ ಶೂಟರ್), ಜಿಎ (ಗೋಲ್ ಅಟ್ಯಾಕ್), ಡಬ್ಲ್ಯೂಎ (ವಿಂಗ್ ಅಟ್ಯಾಕ್), ಸಿ (ಸೆಂಟರ್), ಡಬ್ಲ್ಯೂಡಿ (ವಿಂಗ್ ಡಿಫೆನ್ಸ್), ಜಿಡಿ (ಗೋಲ್ ಡಿಫೆನ್ಸ್), ಜಿಕೆ (ಗೋಲ್ ಕೀಪರ್), ಈ ಏಳರಲ್ಲಿ ಗೋಲು ಹಾಕುವ ಹಕ್ಕು ಮೊದಲ ಎರಡಕ್ಕೆ ಮಾತ್ರ. ಅಂಪೈರ್ ನೋಡುವುದು ಮುಖವನ್ನಲ್ಲ, ಅಕ್ಷರವನ್ನು. ಅದಕ್ಕೇ ಅಕ್ಷರ 150 ಮಿಲಿಮೀಟರ್ ಎತ್ತರ ಇರಬೇಕು, ಸೊಂಟದ ಮೇಲ್ಭಾಗದಲ್ಲಿ ಎದೆಗೂ ಬೆನ್ನಿಗೂ ಇರಬೇಕು ಎಂದು ನಿಯಮ. ಕ್ವಾರ್ಟರ್ ಮುಗಿದ ಮೇಲೆ ಆಟಗಾರ್ತಿ ಜಾಗ ಬದಲಿಸಬಹುದು, ಆದ್ದರಿಂದ ಅಕ್ಷರವನ್ನು ಡ್ರೆಸ್ಸಿನ ಮೇಲೇ ಅಚ್ಚು ಹಾಕಿಸಿದರೆ ಕೆಟ್ಟಿತು. ಅದು ಕಳಚಿ ಕೊಡುವಂತಿರಬೇಕು.

ಹಳೆಯ ಬಿಬ್ ಎಂದರೆ ಎರಡು ಚೌಕ ಬಟ್ಟೆ, ಪಕ್ಕದಲ್ಲಿ ಕಟ್ಟಲು ಲಾಡಿ. ನಮ್ಮ ಶಾಲೆಗಳಲ್ಲಿ ಇವತ್ತಿಗೂ ಹೆಚ್ಚಾಗಿ ಇರುವುದು ಇದೇ. ಇದರ ತೊಂದರೆ ಮೂರು. ಲಾಡಿ ಬಿಚ್ಚಿಕೊಳ್ಳುತ್ತದೆ. ಸಡಿಲವಾದ ಲಾಡಿಯ ಕುಣಿಕೆಗೆ ಎದುರಾಳಿಯ ಬೆರಳು ಸಿಕ್ಕಿಕೊಳ್ಳುತ್ತದೆ, ಚೆಂಡಿನ ಹಿಂದೆ ಹೋಗುವ ವೇಗದಲ್ಲಿ ಬೆರಳು ತಿರುಚಿಕೊಳ್ಳುತ್ತದೆ. ಕೈ ಎತ್ತಿದಾಗ ಬಿಬ್ ಗಂಟಲಿಗೆ ಏರಿ ಅಕ್ಷರ ಮಡಿಚಿಕೊಳ್ಳುತ್ತದೆ. ಲಾಡಿಯನ್ನು ಕಿತ್ತು ಅದರ ಜಾಗದಲ್ಲಿ ಎರಡು ಇಂಚು ಅಗಲದ ಎಲಾಸ್ಟಿಕ್ ಹೊಲಿಸಿದರೆ ಮೊದಲ ಎರಡು ತೊಂದರೆ ಆ ದಿನವೇ ಮುಗಿಯುತ್ತವೆ. ಹತ್ತಿರದ ಯಾವ ಟೈಲರ್ ಬೇಕಾದರೂ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ.

ದೊಡ್ಡ ತಂಡಗಳು ಈಗ ಬಳಸುವುದು ವೆಲ್ಕ್ರೋ. ಡ್ರೆಸ್ಸಿನ ಎದೆ, ಬೆನ್ನಿಗೆ ಒಂದು ಚೌಕ ಹೊಲಿದಿರುತ್ತದೆ, ಅಕ್ಷರದ ಪಟ್ಟಿ ಅದಕ್ಕೆ ಅಂಟಿಕೊಳ್ಳುತ್ತದೆ. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಯಾವ ಭಾಗ ಎಲ್ಲಿ ಎಂದು ಯೋಚಿಸದೆ ಹೊಲಿಸುವುದು. ಮೆತ್ತನೆಯ, ಜುಂಗಿನಂತಿರುವ ಭಾಗ ಡ್ರೆಸ್ಸಿನ ಮೇಲಿರಬೇಕು. ಒರಟಾದ ಕೊಕ್ಕೆಯ ಭಾಗ ಅಕ್ಷರದ ಪಟ್ಟಿಗೆ ಇರಬೇಕು. ತಿರುಗಮುರುಗ ಆದರೆ ಮೊದಲ ಒಗೆತಕ್ಕೇ ಕೊಕ್ಕೆಗಳು ಪಕ್ಕದ ಡ್ರೆಸ್ಸಿನ ನೂಲನ್ನೆಲ್ಲ ಎಳೆದು ಹಾಕುತ್ತವೆ, ಎರಡನೇ ಒಗೆತಕ್ಕೆ ಬಟ್ಟೆ ಹಳೆಯ ಬನಿಯನ್ನಿನ ಹಾಗೆ ಕಾಣುತ್ತದೆ. ಚೌಕದ ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆ ಮೊದಲು ಏಳುತ್ತದೆ. ಕೊಕ್ಕೆಗಳಲ್ಲಿ ಕೂದಲು, ನೂಲಿನ ಚೂರು, ಮೈದಾನದ ಮಣ್ಣು ತುಂಬಿಕೊಂಡರೆ ಹಿಡಿತ ತಪ್ಪುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಾಕು, ಹೊಸದು ಕೊಳ್ಳಬೇಕಿಲ್ಲ.

ನಮ್ಮ ಕಡೆಯದೇ ಆದ ಒಂದು ತೊಡಕು ಜಡೆ. ಬೆನ್ನ ತುಂಬ ಇಳಿಬಿದ್ದ ಉದ್ದ ಜಡೆ ಬೆನ್ನಿನ ಅಕ್ಷರದ ನಡುವೆ ಸರಿಯಾಗಿ ಬಂದು ಕೂರುತ್ತದೆ. ಡಬ್ಲ್ಯೂಡಿಯಲ್ಲಿ ಡಿ ಮಾತ್ರ ಕಂಡರೆ ಅಂಪೈರ್ ಏನು ಮಾಡಬೇಕು? ತಿರುಗಿದಾಗ ಅದೇ ಜಡೆ ಪಕ್ಕದವಳ ಕಣ್ಣಿಗೆ ಬಡಿಯುತ್ತದೆ. ಕೂದಲು ಕಟ್ಟಿರಬೇಕು ಎಂದಷ್ಟೇ ನಿಯಮ ಹೇಳುತ್ತದೆ, ಆದರೆ ಜಡೆ ಹೆಣೆದು ಅದನ್ನು ತುರುಬಾಗಿ ಸುತ್ತಿ, ಕಬ್ಬಿಣದ ಪಿನ್ ಇಲ್ಲದೆ ಎರಡು ರಬ್ಬರ್ ಬ್ಯಾಂಡಿನಲ್ಲಿ ಬಿಗಿಯುವುದೇ ಸರಿಯಾದ ದಾರಿ. ಬಳೆ, ಓಲೆ, ಗೆಜ್ಜೆ, ಸರ ಯಾವುದೂ ಇರಬಾರದು. ಮದುವೆಯ ಉಂಗುರಕ್ಕೆ ರಿಯಾಯಿತಿ ಉಂಟು, ಅದಕ್ಕೂ ಟೇಪ್ ಸುತ್ತಿರಬೇಕು. ಮೂಗು ಚುಚ್ಚಿಸುವುದಿದ್ದರೆ ಪಂದ್ಯಗಳ ಕಾಲ ಮುಗಿದ ಮೇಲೆ ಚುಚ್ಚಿಸಿ. ಮೂಗಿನ ಗಾಯ ಪೂರ್ತಿ ಮಾಯಲು ತಿಂಗಳುಗಳೇ ಬೇಕು, ಅದಕ್ಕೆ ಮೊದಲು ಮೂಗುತಿ ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ.

ಚೂಡಿದಾರ್ ಸಮವಸ್ತ್ರದ ಹೈಸ್ಕೂಲುಗಳಲ್ಲಿ ಆಟದ ಪೀರಿಯಡ್‌ಗೆ ಬಟ್ಟೆ ಬದಲಿಸಲು ಕೋಣೆಯೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಹಾಗಿದ್ದಾಗ ವೇಲ್ ತೆಗೆದಿಟ್ಟು ಅದರ ಜಾಗಕ್ಕೆ ಅಗಲವಾದ, ಎಲಾಸ್ಟಿಕ್ ಇರುವ ಬಿಬ್ ಹಾಕಿಸಿದರೆ ಹುಡುಗಿಯರ ಸಂಕೋಚವೂ ಕಡಿಮೆ, ವೇಲ್ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವೂ ಇಲ್ಲ. ಪಿನ್ ಹಾಕಿ ವೇಲ್ ಸಿಕ್ಕಿಸಿ ಆಡಿಸುವುದು ಖಂಡಿತ ಬೇಡ. ಪಿ.ಟಿ. ಟೀಚರ್ ಮನಸ್ಸು ಮಾಡಿದರೆ ಖರ್ಚಿಲ್ಲದೆ ಆಗುವ ಬದಲಾವಣೆ ಇದು.

ಲೈಕ್ರಾ 1958ರಲ್ಲಿ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಹಿಗ್ಗುವ ನೂಲು, ಸ್ಪ್ಯಾಂಡೆಕ್ಸ್ ಎನ್ನುವುದೂ ಇದನ್ನೇ. ಅದು ನೆಟ್‌ಬಾಲ್ ಅಂಗಳಕ್ಕೆ ಬಂದು ನೆಲೆ ಊರಲು ದಶಕಗಳು ಬೇಕಾದವು. ಬಂದ ಮೇಲೆ ಶರ್ಟು, ಸ್ಕರ್ಟು ಎರಡೂ ಸೇರಿ ಮೈಗೆ ಅಂಟುವ ಒಂದೇ ಡ್ರೆಸ್ ಆಯಿತು. ಇದಕ್ಕೆ ಜೊತೆಯಾದ, ಆದರೆ ಉಡುಪಿನ ಮಾತು ಬಂದಾಗ ಯಾರೂ ಎತ್ತದ ವಸ್ತು ಸ್ಪೋರ್ಟ್ಸ್ ಬ್ರಾ. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಅದನ್ನು ಮೊದಲು ಹೊಲಿದರು. ಅದಕ್ಕೆ ಮೊದಲಿನ ಎಲ್ಲ ತಲೆಮಾರಿನ ಹೆಂಗಸರೂ ಸರಿಯಾದ ಆಸರೆ ಇಲ್ಲದೆ ನೆಗೆದು ಆಡಿದವರೇ. ನಮ್ಮ ಅಭಿಪ್ರಾಯದಲ್ಲಿ ಡ್ರೆಸ್ಸಿಗಿಂತ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ. ಎದೆಗೆ ಆಸರೆ ಕೊಡುವುದು ಭುಜದ ಪಟ್ಟಿಯಲ್ಲ, ಕೆಳಗಿನ ಸುತ್ತುಪಟ್ಟಿ. ಅದರೊಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಬಾರದು. ಕೈ ಎತ್ತಿದಾಗ ಪಟ್ಟಿ ಮೇಲೆ ಸರಿದರೆ ಅಳತೆ ದೊಡ್ಡದಾಯಿತು ಎಂದರ್ಥ. ಹದಿಮೂರು ಹದಿನಾಲ್ಕರ ಹುಡುಗಿಯರು ಆಟ ಬಿಡುವುದಕ್ಕೆ ಹೇಳುವ ಕಾರಣ ಓದು, ಹೇಳದ ಕಾರಣ ಹಲವು ಸಲ ಇದು.

ಮೈಗಂಟುವ ಡ್ರೆಸ್ ಆಟಕ್ಕೆ ಒಳ್ಳೆಯದಾಯಿತು, ಎಲ್ಲ ಆಟಗಾರ್ತಿಯರಿಗೂ ಒಳ್ಳೆಯದಾಗಲಿಲ್ಲ. ಕೈ ಎತ್ತಿದರೆ ಜಗ್ಗದ ಬಟ್ಟೆ ಬಂತು, ನಿಜ. ಆದರೆ ಅದರ ಜೊತೆಗೇ ಹೀಗೇ ಕಾಣಬೇಕು ಎಂಬ ಒತ್ತಾಯವೂ ಬಂತು. ಬ್ಯಾಡ್ಮಿಂಟನ್ನಿನಲ್ಲಿ 2011ರಲ್ಲಿ ಮೇಲ್ಮಟ್ಟದ ಪಂದ್ಯಗಳಿಗೆ ಹೆಂಗಸರು ಸ್ಕರ್ಟನ್ನೋ ಡ್ರೆಸ್ಸನ್ನೋ ಹಾಕಲೇಬೇಕು ಎಂಬ ನಿಯಮ ತರಲು ಹೊರಟು, ವಿರೋಧ ಬಂದು 2012ರಲ್ಲಿ ಕೈಬಿಟ್ಟರು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದವರು ಬಿಕಿನಿ ಬದಲು ಶಾರ್ಟ್ಸ್ ಹಾಕಿದ್ದಕ್ಕೆ ಅವರಿಗೆ 1,500 ಯೂರೋ ದಂಡ ಬಿತ್ತು. ಆಮೇಲೆ ನಿಯಮವೇ ಬದಲಾಯಿತು. ವಿಂಬಲ್ಡನ್ನಿನವರು 2023ರಿಂದ ಬಿಳಿ ಸ್ಕರ್ಟಿನ ಒಳಗೆ ಕಡುಬಣ್ಣದ ಶಾರ್ಟ್ಸ್ ಹಾಕಬಹುದು ಎಂದರು. ಮುಟ್ಟಿನ ದಿನಗಳ ಆತಂಕ ಕಡಿಮೆ ಮಾಡಲು ಅಷ್ಟು ಸಣ್ಣ ತಿದ್ದುಪಡಿ ಸಾಕಾಗಿತ್ತು, ಅದಕ್ಕೆ ಅಷ್ಟು ವರ್ಷ ಬೇಕಾಯಿತು. ನೆಟ್‌ಬಾಲಿನಲ್ಲೂ ಆಸ್ಟ್ರೇಲಿಯಾ, ಇಂಗ್ಲೆಂಡ್ ಈಚಿನ ವರ್ಷಗಳಲ್ಲಿ ದಾರಿ ತೆರೆದಿವೆ: ಡ್ರೆಸ್ ಬೇಕಾದವರು ಡ್ರೆಸ್, ಶಾರ್ಟ್ಸ್ ಬೇಕಾದವರು ಶಾರ್ಟ್ಸ್, ಉದ್ದ ತೋಳು ಬೇಕಾದವರಿಗೆ ಉದ್ದ ತೋಳು. ಬಣ್ಣ ಒಂದೇ ಇದ್ದರೆ ತಂಡ ತಂಡವಾಗಿಯೇ ಕಾಣುತ್ತದೆ.

ಏಷ್ಯಾದಲ್ಲಿ ಇದು ಹೊಸದೇನಲ್ಲ. ಮಲೇಷ್ಯಾ, ಬ್ರೂನೈ ತಂಡಗಳಲ್ಲಿ ಹಿಜಾಬ್, ಉದ್ದ ತೋಳು, ಕಾಲು ಮುಚ್ಚುವ ಲೆಗಿಂಗ್ಸ್ ಹಾಕಿ ಆಡುವವರು ಎಷ್ಟೋ ಕಾಲದಿಂದ ಇದ್ದಾರೆ. 2024ರ ಅಕ್ಟೋಬರಿನಲ್ಲಿ ಏಷ್ಯನ್ ನೆಟ್‌ಬಾಲ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲೇ. ಫೈನಲ್‌ನಲ್ಲಿ ಸಿಂಗಪುರ ಶ್ರೀಲಂಕಾವನ್ನು ಸೋಲಿಸಿತು. ಶ್ರೀಲಂಕಾ ಎಂದಾಗ ನೆನಪಾಗುವುದು ಅಲ್ಲಿನ ಪ್ರಸಿದ್ಧ ಶೂಟರ್ ತರ್ಜಿನಿ ಶಿವಲಿಂಗಂ, ಎತ್ತರ 2.08 ಮೀಟರ್. ಅಂಥ ಎತ್ತರದ ಆಟಗಾರ್ತಿಗೆ ಅಂಗಡಿಯ ಯಾವ ಸೈಜೂ ಆಗದು ಎಂದು ಬೇರೆ ಹೇಳಬೇಕಿಲ್ಲ. ಆದರೆ ಇದೇ ತೊಂದರೆ ಸಣ್ಣ ಪ್ರಮಾಣದಲ್ಲಿ ಪ್ರತಿ ಶಾಲಾ ತಂಡದಲ್ಲೂ ಇದೆ. ಜಿಎಸ್, ಜಿಕೆ ಆಡುವ ಹುಡುಗಿಯರು ಸಾಮಾನ್ಯವಾಗಿ ಎತ್ತರ, ಮೈ ಸಪೂರ. ಅವರಿಗೆ ಒಂದು ಸೈಜು ದೊಡ್ಡದು ಕೊಟ್ಟರೆ ಅಗಲ ಹೆಚ್ಚುತ್ತದೆ, ಉದ್ದ ಹೆಚ್ಚುವುದಿಲ್ಲ. ಬೇಕಾದದ್ದು ಅದೇ ಸೈಜಿನಲ್ಲಿ ಸೊಂಟದ ಬಳಿ ನಾಲ್ಕೈದು ಸೆಂಟಿಮೀಟರ್ ಉದ್ದ ಸೇರಿಸಿದ ಕಟಿಂಗ್.

ಬೆಂಗಳೂರಿನಲ್ಲಿ ಒಂದು ಸೆಟ್ ಡ್ರೆಸ್ ಹೊಲಿಸುವುದು ಕಷ್ಟದ ಕೆಲಸವಲ್ಲ. ಚಿಕ್ಕಪೇಟೆಯಲ್ಲಿ ಬಟ್ಟೆ, ಎಲಾಸ್ಟಿಕ್, ವೆಲ್ಕ್ರೋ ಎಲ್ಲ ಸಿಗುತ್ತವೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಗಳಲ್ಲಿ ಗಾರ್ಮೆಂಟ್ಸ್ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕಷ್ಟ ಇರುವುದು ಏನು ಕೇಳಬೇಕು ಎಂಬುದರಲ್ಲಿ. ಹೆಚ್ಚಿನವರು ಕೇಳುವುದು ಬಣ್ಣ, ಲೋಗೋ, ಹೆಸರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಬೆನ್ನಿಗೆ ಮೂರು ಬಣ್ಣದ ಪ್ರಿಂಟು ಇರುತ್ತದೆ, ಕಂಕುಳಲ್ಲಿ ಎರಡನೇ ವಾರಕ್ಕೇ ಹೊಲಿಗೆ ಬಿಟ್ಟಿರುತ್ತದೆ.

ಮೊದಲು ಬಟ್ಟೆ. ಪಾಲಿಯೆಸ್ಟರ್ ಜೊತೆ ನೂರಕ್ಕೆ 15ರಿಂದ 20ರಷ್ಟು ಸ್ಪ್ಯಾಂಡೆಕ್ಸ್ ಇರುವುದು ಮೈಗಂಟುವ ಡ್ರೆಸ್ಸಿಗೆ, ತೂಕ ಚದರ ಮೀಟರಿಗೆ 200ರಿಂದ 220 ಗ್ರಾಂ. ಸ್ವಲ್ಪ ಸಡಿಲವಾದ ಡ್ರೆಸ್ಸಿಗಾದರೆ 160 ಗ್ರಾಮಿನ ಪಾಲಿಯೆಸ್ಟರ್ ನಿಟ್ ಸಾಕು, ಬೆಂಗಳೂರಿನ ಹವೆಗೆ ಅದೇ ಹಿತ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಸ್ಪ್ಯಾಂಡೆಕ್ಸ್ ಬಟ್ಟೆಯ 10 ಸೆಂಟಿಮೀಟರನ್ನು 15ಕ್ಕೆ ಎಳೆದು ಹತ್ತು ಎಣಿಸಿ ಬಿಡಿ. ಮತ್ತೆ 10ಕ್ಕೆ ಬಂದರೆ ಕೊಳ್ಳಿ, ಹತ್ತೂವರೆಯಲ್ಲಿ ನಿಂತರೆ ಬೇಡ. ಆ ಅರ್ಧ ಸೆಂಟಿಮೀಟರ್ ಎರಡು ತಿಂಗಳಲ್ಲಿ ಜೋತುಬಿದ್ದ ಸೊಂಟವಾಗುತ್ತದೆ. ಹತ್ತಿ ಬೇಡ. ಹತ್ತಿ ಹಿತವೇ, ಆದರೆ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಮೂರನೇ ಕ್ವಾರ್ಟರ್ ಹೊತ್ತಿಗೆ ಭಾರವಾಗಿ ತೊಡೆಗೆ ಅಂಟುತ್ತದೆ.

ಆಮೇಲೆ ಕಂಕುಳು. ಇಡೀ ಡ್ರೆಸ್ಸಿನ ಗುಟ್ಟು ಇಲ್ಲಿದೆ. ಕಂಕುಳ ಕುಳಿ ಕೆಳಗಿಳಿದಷ್ಟೂ ಸಡಿಲವಾಗಿರುತ್ತದೆ, ಕೈ ಎತ್ತಲು ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತೋಳು ಇರುವ ಬಟ್ಟೆಯಲ್ಲಿ ಆಗುವುದು ಇದರ ತದ್ವಿರುದ್ಧ. ತೋಳಿನ ಹೊಲಿಗೆ ಮೈಹೊಲಿಗೆಗೆ ಕೂಡುವ ಜಾಗ ಕೆಳಗಿದ್ದರೆ, ಕೈ ಎತ್ತಿದಾಗ ಆ ಜಾಗವೇ ಮೇಲಕ್ಕೆ ಹೋಗುತ್ತದೆ, ಅದರ ಜೊತೆ ಇಡೀ ಪಕ್ಕದ ಬಟ್ಟೆಯನ್ನೂ ಎಳೆದೊಯ್ಯುತ್ತದೆ. ಅಂಚು ಏರುವುದು ಇದರಿಂದಲೇ. ಆದ್ದರಿಂದ ಕುಳಿಯನ್ನು ಕಂಕುಳಿನಿಂದ ಬರೀ ಎರಡು ಸೆಂಟಿಮೀಟರ್ ಕೆಳಗೆ ನಿಲ್ಲಿಸಲು ಹೇಳಿ. ರೆಡಿ ಡ್ರೆಸ್ಸಿನಲ್ಲಿ ಈಗಾಗಲೇ ಈ ತೊಂದರೆ ಇದ್ದರೆ ಕಂಕುಳಲ್ಲಿ ಹೊಲಿಗೆ ಬಿಚ್ಚಿಸಿ, ಒಂದೊಂದು ಬದಿ ಎಂಟು ಸೆಂಟಿಮೀಟರ್ ಇರುವ ವಜ್ರಾಕಾರದ ತುಂಡು ಕೂಡಿಸಿದರೆ ಎಷ್ಟೋ ಸರಿಹೋಗುತ್ತದೆ. ತೋಳಿಲ್ಲದ ಡ್ರೆಸ್ಸಿನಲ್ಲಿ ಜಗ್ಗಾಟ ಕಡಿಮೆ, ಆದರೆ ಕುಳಿಯ ಅಂಚಿಗೆ ಎಲಾಸ್ಟಿಕ್ ಪಟ್ಟಿ ಇಲ್ಲದಿದ್ದರೆ ಪಕ್ಕದಿಂದ ಒಳಗೆಲ್ಲ ಕಾಣುತ್ತದೆ. ಹುಡುಗಿಯರು ಕೈ ಎತ್ತಲು ಹಿಂಜರಿಯುವುದು ಅಲ್ಲೇ.

ಹೊಲಿಗೆ ನಾಲ್ಕು ನೂಲಿನ ಓವರ್‌ಲಾಕ್ ಆಗಿರಬೇಕು, ಸೂಜಿ ನಿಟ್ ಬಟ್ಟೆಗೆಂದೇ ಇರುವ ಮೊಂಡು ತುದಿಯದು. ಸಾದಾ ಸೂಜಿ ನೂಲನ್ನು ಕತ್ತರಿಸುತ್ತದೆ, ಎಳೆದಾಗ ಹೊಲಿಗೆಯುದ್ದಕ್ಕೂ ಸಣ್ಣ ತೂತುಗಳ ಸಾಲು ಏಳುತ್ತದೆ. ಸಾದಾ ಮೆಷಿನ್ನಿನ ನೇರ ಹೊಲಿಗೆ ಹಿಗ್ಗುವುದಿಲ್ಲ, ಮೊದಲ ನೆಗೆತಕ್ಕೇ ಪಟ್ ಎನ್ನುತ್ತದೆ. ಒಳಗಿನ ಶಾರ್ಟ್ಸ್ ಡ್ರೆಸ್ಸಿನ ಬಣ್ಣದ್ದೇ, ಇಲ್ಲ ಕಡುಬಣ್ಣದ್ದು ಇರಲಿ. ತೊಡೆಯ ಒಳಬದಿ ಕನಿಷ್ಠ 12 ಸೆಂಟಿಮೀಟರ್ ಉದ್ದ ಬರಲಿ, ಅದಕ್ಕಿಂತ ಗಿಡ್ಡದು ಸುರುಳಿ ಸುತ್ತಿಕೊಂಡು ಮೇಲೇರುತ್ತದೆ.

ಪ್ರಿಂಟಿಗೆ ಸಬ್ಲಿಮೇಷನ್ ಒಳ್ಳೆಯದು. ಸುಮಾರು 200 ಡಿಗ್ರಿಯಲ್ಲಿ ಮುಕ್ಕಾಲು ನಿಮಿಷ ಒತ್ತಿದಾಗ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯುತ್ತದೆ. ಸಿಪ್ಪೆ ಏಳುವುದಿಲ್ಲ, ಭಾರವೂ ಇಲ್ಲ. ಆದರೆ ಬಣ್ಣ ಕೂರುವುದು ಬಟ್ಟೆಯ ಮೇಲ್ಪದರದ ನೂಲಿನಲ್ಲಿ ಮಾತ್ರ. ಬಿಳಿ ಸ್ಪ್ಯಾಂಡೆಕ್ಸ್ ಬಟ್ಟೆಗೆ ಕಡುನೀಲಿ ಪ್ರಿಂಟ್ ಹಾಕಿಸಿದರೆ ಮೈ ಹಿಗ್ಗಿದ ಕಡೆ, ಸರಿಯಾಗಿ ಸೊಂಟದಲ್ಲಿ ಮತ್ತು ಎದೆಯಲ್ಲಿ, ಒಳಗಿನ ಬಿಳಿ ಇಣುಕುತ್ತದೆ. ಕಡುಬಣ್ಣ ಬೇಕಿದ್ದರೆ ಬಣ್ಣದಲ್ಲಿ ಅದ್ದಿದ ಬಟ್ಟೆಯನ್ನೇ ಕೊಳ್ಳಿ, ಪ್ರಿಂಟು ಪಕ್ಕದ ಪಟ್ಟಿಗಳಿಗಷ್ಟೇ ಇರಲಿ.

ಒಗೆಯುವಾಗ ನಮ್ಮ ಊರಿಗೆ ಎರಡು ಎಚ್ಚರ. ಒಂದು, ಕೆಂಪು ಮಣ್ಣು. ಅದರಲ್ಲಿರುವ ಕಬ್ಬಿಣದ ಅಂಶದ ನುಣ್ಣನೆಯ ಕಣಗಳು ಒದ್ದೆಯಲ್ಲಿ ಉಜ್ಜಿದಷ್ಟೂ ನೂಲಿನೊಳಗೆ ಇಳಿಯುತ್ತವೆ. ಒಣಗಲು ಬಿಟ್ಟು, ಕೊಡವಿ, ಬ್ರಷ್‌ನಿಂದ ಹಗುರವಾಗಿ ತೆಗೆದು, ಆಮೇಲೆ ತಣ್ಣೀರಿನ ಡಿಟರ್ಜೆಂಟಿನಲ್ಲಿ ಅರ್ಧ ಗಂಟೆ ನೆನೆಸಿ. ಬ್ಲೀಚ್ ಹಾಕಬೇಡಿ, ಅದು ಕಲೆಯನ್ನು ತೆಗೆಯುವುದಿಲ್ಲ, ಸ್ಪ್ಯಾಂಡೆಕ್ಸನ್ನು ಕೊಲ್ಲುತ್ತದೆ. ಎರಡು, ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಬಾರ್ ಸೋಪು ನೊರೆ ಬರದೆ ಜಿಡ್ಡಾಗಿ ಬಟ್ಟೆಗೆ ಹತ್ತುತ್ತದೆ, ಬಟ್ಟೆ ರಟ್ಟಿನಂತಾಗಿ ಬೆವರು ಹೊರಹಾಕುವುದನ್ನೇ ನಿಲ್ಲಿಸುತ್ತದೆ. ಪುಡಿ ಇಲ್ಲವೇ ದ್ರವ ಡಿಟರ್ಜೆಂಟ್ ಬಳಸಿ, ಕೊನೆಯ ಜಾಲಿಸುವ ಬಕೆಟ್ಟಿಗೆ ಎರಡು ಚಮಚ ವಿನೆಗರ್ ಹಾಕಿ. ಕಂಫರ್ಟ್‌ನಂಥ ಮೃದುಕಾರಕಗಳು ಬೇಡ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಿ. ಆಡಿದ ಸಂಜೆಯೇ ಒಗೆಯಿರಿ. ರಾತ್ರಿಯಿಡೀ ಬ್ಯಾಗಿನಲ್ಲಿ ಮುದುಡಿ ಬಿದ್ದ ಪಾಲಿಯೆಸ್ಟರಿಗೆ ಹತ್ತಿದ ವಾಸನೆ ಆಮೇಲೆ ಸುಲಭಕ್ಕೆ ಹೋಗುವುದಿಲ್ಲ.

ಒಂದು ತಂಡಕ್ಕೆ 12 ಡ್ರೆಸ್ ಬೇಕು. ಹನ್ನೆರಡನ್ನೂ ಒಟ್ಟಿಗೆ ಆರ್ಡರ್ ಕೊಡಬೇಡಿ. ಮೊದಲು ಒಂದೇ ಒಂದನ್ನು ಹೊಲಿಸಿ, ತಂಡದ ಅತಿ ಎತ್ತರದ ಹುಡುಗಿಗೆ ಹಾಕಿಸಿ ನಾಲ್ಕು ಕ್ವಾರ್ಟರ್ ಪೂರ್ತಿ ಆಡಿಸಿ. ಬೆಂಚಿನ ಮೇಲಿರುವ ಒಬ್ಬಳ ಕೈಗೆ ಪೆನ್ನು, ಹಾಳೆ ಕೊಟ್ಟು ಆಕೆ ಎಷ್ಟು ಸಲ ಅಂಚು ಎಳೆದುಕೊಂಡಳು, ಎಷ್ಟು ಸಲ ಭುಜದ ಪಟ್ಟಿ ಸರಿಮಾಡಿಕೊಂಡಳು, ಎಷ್ಟು ಸಲ ಒಳಗಿನ ಶಾರ್ಟ್ಸ್ ಇಳಿಸಿಕೊಂಡಳು ಎಂದು ಬೇರೆಬೇರೆಯಾಗಿ ಗೀಟು ಹಾಕಲು ಹೇಳಿ. ಅಂಚಿನ ಗೀಟು ಹೆಚ್ಚಿದ್ದರೆ ಕಂಕುಳ ಕುಳಿ ಮೇಲೇರಬೇಕು ಅಥವಾ ಸೊಂಟದಲ್ಲಿ ಉದ್ದ ಸೇರಬೇಕು. ಭುಜದ್ದಾದರೆ ಬೆನ್ನಿನ ಪಟ್ಟಿಗಳು ಹತ್ತಿರ ಬರಬೇಕು. ಶಾರ್ಟ್ಸಿನದ್ದಾದರೆ ತೊಡೆಯ ಉದ್ದ ಸಾಲದು. ಆ ಹಾಳೆಯನ್ನು ಡ್ರೆಸ್ಸಿನ ಜೊತೆಗೇ ಟೈಲರ್ ಹತ್ತಿರ ತೆಗೆದುಕೊಂಡು ಹೋಗಿ. ತಿದ್ದಿಸಿ ಮತ್ತೆ ಆಡಿಸಿ, ಮತ್ತೆ ಎಣಿಸಿ. ಹಾಳೆ ಖಾಲಿ ಬರುವವರೆಗೆ ಉಳಿದ ಹನ್ನೊಂದಕ್ಕೆ ಕತ್ತರಿ ಹಾಕಿಸಬೇಡಿ.